ಗಟ್ಟಿಯ ಹಲ್ಲುಗಳು

ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿದೆ, ಎಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿಟ್ಟು ಇಷ್ಟು ಹೊತ್ತಾದರೂ ತಟ್ಟೆಗೆ ಟಪ್, ಟಪ್, ಮತ್ತೆ ಆ ಕಮಟು, ನಮ್ಮವರ ಅಂಗಿಯ ಕಮಟು — ಈಗ ಒಗೆಯಲು ಅಂಗಿಯೂ ಇಲ್ಲ, ಅವರು ತೀರಿಹೋದಮೇಲೆ ಬಟ್ಟೆಯನ್ನೆಲ್ಲ ಸಾವಿಗೆ ಬಂದವರಿಗೆ ವಾಡಿಕೆಯಂತೆ ಹಂಚಿಬಿಟ್ಟರು, ಉಳಿದದ್ದು ಈ ಟ್ರ್ಯಾಕ್ಟರ್, ಅದರ ಮೇಲೂ ಮೈದುನನ ಕಣ್ಣು, ಒಳಗೆ ಚಕ್ರದ ಹಲ್ಲು ಜಾರಿದೆ ಅತ್ತಿಗೆ, ಸದ್ದು ಕೇಳಿದ್ರೇ ಗೊತ್ತಾಗಲ್ವಾ, ಸಂಜೆ ಲಾರಿ ತರ್ತೀನಿ, ಗುಜರಿಗೆ ಹಾಕೋಣ — ತರಲಿ, ಅಷ್ಟರಲ್ಲಿ ನಾನೇ ನೋಡುತ್ತೇನೆ, ಎಂಜಿನ್ನಿನ ಹಲ್ಲುಚಕ್ರಗಳ ಮೇಲೆ ಗುರುತಿಗೆಂದು ಕೊರೆದ ಅಕ್ಷರಗಳು ಎದುರುಬದುರು ಬಂದು ಕೂತರೆ ಹಲ್ಲು ಜಾರಿಲ್ಲ, ಟ್ರ್ಯಾಕ್ಟರ್ ಇಲ್ಲೇ ಇರುತ್ತದೆ, ಹುಲ್ಲು ನಾನೇ ಕೊಯ್ಯುತ್ತೇನೆ. ಮುಂದಿನ ಬೋಲ್ಟಿನ ತಲೆ ಸವೆದಿದೆ, ಅದನ್ನು ಹಿಡಿದು ತಿರುಗಿಸಲಾಗದು, ಹಿಂದೆ ಹೋಗಿ ಎಂಜಿನ್ನಿನ ಹಿಂಬದಿಯ ದೊಡ್ಡ ಚಕ್ರಕ್ಕೆ ಸಲಾಕೆ ಕೊಟ್ಟು ಮೀಟಬೇಕು, ಮುಂದೆ ಬಂದು ಬಗ್ಗಿ ನೋಡಬೇಕು, ಇಬ್ಬರ ಕೆಲಸ ಇದು, ಮೀಟುವುದು ಅವರು, ನೋಡುವುದು ನಾನು, ನಿಲ್ಲಿಸಿ ಎನ್ನಲು ಹೆಸರು ಕೂಗುವ ಹಾಗಿಲ್ಲ, ಸೊಸೆ ಬಾಯಲ್ಲಿ ಗಂಡನ ಹೆಸರು ಬಂದ್ರೆ ಮನೆ ಉದ್ಧಾರ ಆದ ಹಾಗೇ ಎನ್ನುತ್ತಿದ್ದರು ಅತ್ತೆ, ನಮ್ಮ ನುಡಿಯಲ್ಲಿ ಉಕ್ಕಿಗಿರುವ ಪದವೂ ಅವರ ಹೆಸರೂ ಒಂದೇ, ಅದಕ್ಕೇ ಮದುವೆಯಾದಂದಿನಿಂದ ಉಕ್ಕಿಗೆ ‘ಗಟ್ಟಿ’ ಎಂದವಳು ನಾನು, ಬಜಾರಿನಲ್ಲಿ ಗಟ್ಟಿ ಚಾಕು ಕೇಳಿದರೆ ಅಂಗಡಿಯ ಝಾಕಿಪ್ ಬೇಕಂತಲೇ, ಯಾವ ಗಟ್ಟಿ ಅಕ್ಕ, ಒಣಮೊಸರಿನುಂಡೆ ಥರ ಗಟ್ಟಿನಾ, ನಿಮ್ಮ ಯಜಮಾನ್ರ ತಲೆ ಥರ ಗಟ್ಟಿನಾ. ಹಾಗಾಗಿ ಗುರುತು ಕೂಡಿದೊಡನೆ ಸ್ಪ್ಯಾನರಿನಿಂದ ಠಣ್ ಎಂದು ಕುಟ್ಟುತ್ತಿದ್ದೆ, ಹಿಂದಿನಿಂದ ಅವರ ನಗು, ಕೇಳಿಸ್ತು ಮಾರಾಯ್ತಿ, ಬಿಟ್ಟೆ.

ಮೀಟು, ಓಡು, ಬಗ್ಗು — ಗುರುತು ಮೀರಿ ಒಂದು ಹಲ್ಲು ದಾಟಿಹೋಗಿದೆ, ಹಿಂದಕ್ಕೆ ತಿರುಗಿಸಬಾರದು ಎಂದಿದ್ದರು, ಹಲ್ಲುಗಳ ನಡುವೆ ಸಡಿಲ ಸೇರಿಕೊಂಡು ಗುರುತು ಸುಳ್ಳು ಹೇಳುತ್ತದಂತೆ, ಮತ್ತೆ ಎಷ್ಟೋ ಸುತ್ತು, ಕರೆಯೋಣವೆಂದರೆ ಅಕ್ಕಪಕ್ಕದವರೆಲ್ಲ ಕುರಿಗಳ ಹಿಂದೆ ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದಾರೆ, ಸೊಂಟ ಬಿದ್ದುಹೋಯಿತು, ಅಳು ಬರುತ್ತಿದೆ, ಬರಲಿ, ಯಾರು ನೋಡಬೇಕು, ಹಿಂದೆ ಸಲಾಕೆ ಕಚ್ಚಿಕೊಂಡು ನಿಂತಿದೆ, ಹಿಡಿದವರಿಲ್ಲ, ಮೀಟು, ಓಡು, ಇನ್ನೂ ಎರಡು ಹಲ್ಲು, ಸಲಾಕೆ, ಮೀಟು, ಮೆತ್ತಗೆ, ಓಡು, ಬಗ್ಗು — ಅಕ್ಷರಕ್ಕೆ ಅಕ್ಷರ, ಈ ಕಡೆಯೂ, ಆ ಕಡೆಯೂ, ಬೆರಳಾಡಿಸಿದರೆ ಒಂದು ಹಲ್ಲೂ ಮುರಿದಿಲ್ಲ, ಸಂಜೆ ಲಾರಿ ಬಂದರೂ ಬಂದ ದಾರಿಯಲ್ಲೇ ಬರಿದೇ ಹೋಗುತ್ತದೆ, ಬೋಲೊತ್, ನಿಲ್ಸಿ, ಕೂತ್ಕೊಂಡ್ವು — ಬಾಯಿಂದ ಬಂದೇಬಿಟ್ಟಿತು, ಅವರ ಇಡೀ ಹೆಸರು, ನನ್ನ ದನಿಯಲ್ಲಿ ಅದು ಹೀಗೆ ಕೇಳುತ್ತದೆಂದು ನನಗೇ ಗೊತ್ತಿರಲಿಲ್ಲ, ಅವರಂತೂ ಒಮ್ಮೆಯೂ ಕೇಳಲಿಲ್ಲ, ಹಿಂದೆ ಸಲಾಕೆ, ಹಿಡಿದವರಿಲ್ಲ, ಸಲಾಕೆ