ಧರ್ಮಕೇಂದ್ರದ ಮುನ್ನೋಟ

ಮೊದಲ ವಾಕ್ಯವೇ ಸುಳ್ಳು ಅನ್ನಿಸಿತು ಫಾದರ್ ಜ್ಞಾನರಾಜರಿಗೆ. ‘ನಾವು ಒಂದೇ ಮನಸ್ಸಿನಿಂದ ನಡೆಯುವ ಸಮುದಾಯ.’ ಯಾವ ಮನಸ್ಸು? ಯಾರದು? ಪೂಜೆಯ ಮೊದಲ ಗಂಟೆ ಆಗಲೇ ಹೊಡೆದಾಗಿತ್ತು. ಇನ್ನು ತಿದ್ದುತ್ತಾ ಕೂರುವ ಹಾಗಿರಲಿಲ್ಲ.

ದೇವಾಲಯ ಮತ್ತು ಅದರ ಜನ ಸೇರಿದ ಪ್ರತಿ ಧರ್ಮಕೇಂದ್ರವೂ ಮುಂದಿನ ದಿನಗಳಿಗೆ ತನ್ನದೇ ಒಂದು ಮುನ್ನೋಟ ಇಟ್ಟುಕೊಳ್ಳಬೇಕು, ಜನರೇ ಕೂತು ಮಾತಾಡಿ ಬರೆಯಬೇಕು ಎಂದು ಬಿಷಪರ ಅಪ್ಪಣೆಯಾಗಿತ್ತು. ಫಾದರ್‌ಗೆ ಖುಷಿಯೇ ಆಗಿತ್ತು. ರೋಮಿಗೆ ಹೋಗಿ ಇದನ್ನೇ ಓದಿಕೊಂಡು ಬಂದವರು. ಆದರೆ ಪಾಲಹಳ್ಳಿಯಿಂದಾಚೆಯ ಈ ನಾಲೆ ದಡದ ಊರಿನಲ್ಲಿ ಸಭೆ ಕರೆದಾಗಲೆಲ್ಲ ಜನ ಬೆಂಚಿನ ತುದಿಯಲ್ಲಿ ಕೂತು, ‘ನೀವೇಳ್ದಂಗೆ’ ಎಂದು ಎದ್ದು ಹೋದರು. ಕೊನೆಗೆ ಅವರೊಬ್ಬರೇ ಕೂತು ಬರೆದರು.

ಬರೆಯುತ್ತಾ ಬರೆಯುತ್ತಾ ಭಯ ಶುರುವಾಯಿತು. ಇಷ್ಟು ದಿನ ತಾನು ಮಾತಾಡಿದ್ದು ಯಾರ ಜೊತೆ? ಇವತ್ತು ಓದಿದಾಗ ಒಬ್ಬರಾದರೂ ಎದ್ದು ‘ಇದು ಬೇಡ’ ಅಂದರೆ ಸಾಕು, ಈ ಊರಲ್ಲಿ, ಈ ನಿಲುವಂಗಿಯಲ್ಲಿ ಉಳಿದುಕೊಳ್ಳಬಹುದು ಎಂದುಕೊಂಡಿದ್ದರು. ಯಾರೂ ಅನ್ನದೇ ಹೋದರೆ? ಅದನ್ನು ಯೋಚಿಸುವ ಧೈರ್ಯವಿರಲಿಲ್ಲ.

ಪೂಜಾವಸ್ತ್ರ ಹಿಡಿದುಕೊಂಡು ನಿಂತಿದ್ದ, ದೇವಾಲಯದ ಕೆಲಸ ನೋಡಿಕೊಳ್ಳುವ ಉಪದೇಶಿ ಇನ್ನಾಸಪ್ಪನನ್ನು ಕೇಳಿದರು.

“ಓದಿದಿರಾ?”

“ಊಂ ಸ್ವಾಮ್ಯೋರೆ.”

“ಹೇಗಿದೆ?”

“ಚೆಂದಾಗದೆ.”

“ಏನು ಚೆಂದ?”

“ಎಲ್ಲಾನೂವೆ. ನಿಮ್ಗಿಂತ ಮುಂಚಿನ್ ಸ್ವಾಮ್ಯೋರು ಬರ್ದಿದ್ದೂ ಚೆಂದಾಗೇ ಇತ್ತು. ಅವ್ರು ಆಸ್ಪತ್ರೆ ಕಟ್ಬೇಕು ಅಂತಿದ್ರು. ಅವ್ರಿಗಿಂತ ಮುಂಚೆ ಇದ್ದೋರು ಎಣ್ಮಕ್ಕಳಿಗೆ ಆಸ್ಟಲ್ಲು ಅಂತಿದ್ರು.”

“ಏನಾಯ್ತು?”

“ಟ್ರಾನ್ಸ್‌ಫರ್ ಆಯ್ತು.”

ಫಾದರ್ ನಕ್ಕರು. ಇನ್ನಾಸಪ್ಪ ನಗಲಿಲ್ಲ.

“ನಿಮಗೇನು ಬೇಕು ಇನ್ನಾಸಪ್ಪ? ಈ ದೇವಾಲಯ ಏನಾಗಬೇಕು?”

“ನಂಗೇನ್ ಬೇಕು ಬುಡಿ. ಎರಡ್ನೇ ಗಂಟೆ ಒಡೀಲಾ?”

ಪೂಜೆ ಮುಗಿದ ಮೇಲೆ ಓದಿದರೆ ಒಬ್ಬರೂ ನಿಲ್ಲುವುದಿಲ್ಲವೆಂದು ಫಾದರ್‌ಗೆ ಗೊತ್ತಿತ್ತು. ನಾಲೆಗೆ ನೀರು ಬಿಟ್ಟಿದ್ದರು, ಎಲ್ಲರಿಗೂ ನಾಟಿಯ ಅವಸರ. ಹಾಗಾಗಿ ಪೂಜೆಯ ನಡುವೆಯೇ, ಪ್ರಬೋಧನೆ ಮುಗಿಸಿ, ವಿಶ್ವಾಸ ಪ್ರಮಾಣ ಹೇಳಿಸಿ, ವಾಚನಪೀಠದ ಮುಂದೆ ನಿಂತರು. ಪ್ರತಿ ಭಾನುವಾರ ಆ ಹೊತ್ತಿಗೆ, ಅದೇ ಜಾಗದಲ್ಲಿ, ಯಾರಾದರೊಬ್ಬರು ದೇವರಿಗೆ ಸಲ್ಲಿಸುವ ಬೇಡಿಕೆಗಳನ್ನು ಓದುತ್ತಾರೆ, ಒಂದೊಂದಕ್ಕೂ ಜನ ಒಕ್ಕೊರಲಿನಿಂದ ಉತ್ತರ ಕೊಡುತ್ತಾರೆ. ಓದುವ ಆತಂಕದಲ್ಲಿ ಫಾದರ್‌ಗೆ ಅದು ಮರೆತೇ ಹೋಗಿತ್ತು.

“ನಾವು ಒಂದೇ ಮನಸ್ಸಿನಿಂದ ನಡೆಯುವ ಸಮುದಾಯ,” ಎಂದು ಓದಿ, ಉಸಿರಿಗಾಗಿ ನಿಂತರು.

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ,” ಅಂದಿತು ಇಡೀ ದೇವಾಲಯ.

ಫಾದರ್ ಗಲಿಬಿಲಿಗೊಂಡು ಮುಂದಿನ ಸಾಲಿಗೆ ಹೋದರು. “ನಮ್ಮಲ್ಲಿ ಪ್ರತಿಯೊಬ್ಬರ ಮಾತಿಗೂ ಬೆಲೆಯಿದೆ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ.”

ಅವರು ಹಾಳೆ ಕೆಳಗಿಟ್ಟರು. “ನೋಡಿ, ಇದು ಪ್ರಾರ್ಥನೆಯಲ್ಲ. ನಾನು ಬರೆದದ್ದು. ತಪ್ಪಿರಬಹುದು. ಬೇಡ ಅನ್ನಿಸಿದರೆ ಬೇಡ ಅನ್ನಿ.” ಕಾದರು. ಫ್ಯಾನು ತಿರುಗುತ್ತಿತ್ತು. ಮೊದಲ ಸಾಲಿನಲ್ಲಿದ್ದ ಇನ್ನಾಸಪ್ಪ, ಜನ ಮರೆತರೇನೋ ಅಂದುಕೊಂಡು, ತಾನೇ ದನಿ ಎತ್ತಿ ‘ಪ್ರಭುವೇ...’ ಎಂದು ಶುರುಮಾಡಿದ. ಉಳಿದವರು ಕೂಡಿಕೊಂಡರು.

ಫಾದರ್‌ಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು. ಅದೂ ಇಳಿದು, ಜ್ವರ ಬಿಟ್ಟವರ ಹಾಗೆ ಹಗುರವಾದರು. ಎಷ್ಟೋ ದಿನದಿಂದ ಒಳಗೇ ಇದ್ದ ಮಾತು ಮೈಕಿನಲ್ಲಿ ಮೆಲ್ಲಗೆ ಹೊರಬಂತು.

“ನನಗೇ ಇದರಲ್ಲಿ ನಂಬಿಕೆಯಿಲ್ಲ. ಯಾವುದರಲ್ಲೂ ಇದೆಯೋ ಇಲ್ಲವೋ ಗೊತ್ತಿಲ್ಲ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ.”

ಯಾರ ಮುಖವೂ ಬದಲಾಗಲಿಲ್ಲ. ಹೆಂಗಸರ ಕಡೆಯಿಂದ ಒಂದು ಮಗು ಅತ್ತು ಸುಮ್ಮನಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಮುನ್ನೋಟದ ಪ್ರತಿಗಳ ಕಟ್ಟು ಎತ್ತಿಕೊಂಡು ಪೀಠದ ಮೆಟ್ಟಿಲಿಳಿದು ಬಂದರು. “ಬಂದು ಒಂದೊಂದು ತಗೊಳ್ಳಿ. ಮನೇಲಿ ಓದಿ. ತಿದ್ದಿ ವಾಪಸ್ ಕೊಡಿ.”

ಜನ ಎದ್ದರು. ಯಾರೂ ಹೇಳದೆ ನಡುದಾರಿಯಲ್ಲಿ ಸಾಲಾದರು. ಮುಂದಿದ್ದವನು ಪರಪ್ರಸಾದಕ್ಕೆ ಒಡ್ಡುವ ಹಾಗೆ ಬಲಗೈ ಮೇಲೆ ಎಡಗೈ ಇಟ್ಟು ಬೊಗಸೆಯೊಡ್ಡಿದ. ಫಾದರ್ ಹಾಳೆ ಇಟ್ಟರು. ಅವನು ತಲೆಬಾಗಿ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದ. ಮುಂದಿನವಳೂ ಹಾಗೆಯೇ. ಅವಳ ಹಿಂದಿನವನೂ.

ಆಮೇಲೆ ಅಣ್ಣಮ್ಮ ಬಂದಳು. ಊರಿಗೆಲ್ಲ ಹಿರಿಯಳು, ಕಣ್ಣು ಮಂಜು, ಪರಪ್ರಸಾದದ ತೆಳು ಅಪ್ಪವನ್ನು ಇವತ್ತಿಗೂ ಕೈಯಲ್ಲಿ ಮುಟ್ಟದೆ ನಾಲಿಗೆಯ ಮೇಲೇ ಇಡಿಸಿಕೊಳ್ಳುವವಳು.

“ಅಣ್ಣಮ್ಮ, ಇದು ಕಾಗದ,” ಎಂದರು ಫಾದರ್.

“ಆಮೆನ್,” ಎಂದಳು ಅಣ್ಣಮ್ಮ. ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆ ಚಾಚಿ ಕಾದಳು. ಅವಳ ಹಿಂದೆ ಸಾಲು ಬಾಗಿಲಿನವರೆಗೂ ಬೆಳೆದಿತ್ತು.

ಫಾದರ್ ಸಾಲನ್ನು ನೋಡಿದರು. ಅವರ ಬೆರಳುಗಳು ಆಗಲೇ ಹಾಳೆಯ ಮೂಲೆಯನ್ನು ಚಿಕ್ಕದಾಗಿ ಹರಿಯುತ್ತಿದ್ದವು.