ಕೆಂಪು ಚುಕ್ಕೆಯ ಮುಚ್ಚಳ

ನನ್ನ ಬೆರಳ ತುದಿಗಳಿಗೆ ಏನೂ ತಿಳಿಯುವುದಿಲ್ಲ. ಕ್ಯಾನ್ಸರಿಗೆ ಕೊಟ್ಟ ಔಷಧಿ ಗಡ್ಡೆಯನ್ನು ಕರಗಿಸಿತು, ಹೋಗುವಾಗ ಬೆರಳುಗಳ ಸ್ಪರ್ಶವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಲೋಟ ಬಿಸಿಯಿದೆಯೆಂದು ಗೊತ್ತಾಗುವುದು ತುಟಿಗೆ ತಾಕಿದ ಮೇಲೆ. ಒಳಗೂ ಹಾಗೇ ಆಗಿದೆ. ಚಿಕಿತ್ಸೆ ಮುಗಿಯಿತೆಂದ ದಿನ ಮನೆಯವರೆಲ್ಲ ಅತ್ತರು. ನಾನು ಆಸ್ಪತ್ರೆಯ ಮೀನಿನ ತೊಟ್ಟಿಯನ್ನು ನೋಡುತ್ತ ಕೂತಿದ್ದೆ. ಅದರಲ್ಲಿ ಮೀನಿರಲಿಲ್ಲ.

ನನ್ನ ಕೆಲಸ ಪ್ರಯೋಗಾಲಯದಲ್ಲಿ ಹುಳು ಸಾಕುವುದು. ದುಂಡುಹುಳು ಎನ್ನುತ್ತಾರೆ. ಅಲ್ಪವಿರಾಮದಷ್ಟು ಉದ್ದ, ಮೈ ಗಾಜಿನಂತೆ ಪಾರದರ್ಶಕ; ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹೊಟ್ಟೆಯೊಳಗಿನ ಮೊಟ್ಟೆಗಳು ಸಾಲಾಗಿ ಕಾಣುತ್ತವೆ. ಗುಟ್ಟು ಇಟ್ಟುಕೊಳ್ಳಲಾಗದ ಪ್ರಾಣಿ. ಗಂಡಿನ ಹಂಗಿಲ್ಲದೆ, ತನ್ನಷ್ಟಕ್ಕೆ ತಾನೇ ನೂರಾರು ಮರಿ ಹಾಕುತ್ತದೆ. ಇದನ್ನು ಹೇಳಿದಾಗ ನಮ್ಮತ್ತೆ "ಪುಣ್ಯವಂತೆ" ಅಂದರು. ಅಂದದ್ದು ಹುಳುವಿಗೆ. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ರಜೆ ಮುಗಿಸಿ ಬಂದಾಗ ಲ್ಯಾಬಿನ ಮೇಡಂ ಮಾಡಿಸಲು ಇಟ್ಟಿದ್ದ ಪ್ರಯೋಗ, ನನಗೆ ಕೊಟ್ಟ ಅದೇ ಔಷಧಿಯದು. ಎಳೆ ಹುಳುಗಳಿಗೆ ಔಷಧಿ ಕೊಡಬೇಕು, ತೊಳೆದು ಶುದ್ಧವಾದ ತಟ್ಟೆಗೆ ಬಿಡಬೇಕು, ಅವು ಬೆಳೆದ ಮೇಲೆ ಮರಿ ಹಾಕುತ್ತವೆಯೇ ನೋಡಬೇಕು.

"ನಿಂಗೆ ಬೇರೆ ಕೆಲಸ ಕೊಡ್ಲಾ?" ಎಂದು ಮೇಡಂ ನೆಲ ನೋಡುತ್ತ ಕೇಳಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ ಮೇಡಂ, ಬರೆ ಹಾಕೋಕೆ ನಂಗಿಂತ ಅನುಭವಸ್ಥರು ಇಲ್ಲಿ ಯಾರಿದಾರೆ?" ಎಂದೆ. ಅವರು ನಗಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಉತ್ತರ ಬೇಕಿತ್ತು. ನನ್ನ ಚಿಕಿತ್ಸೆಯನ್ನು ಎಷ್ಟು ಅವಸರದಲ್ಲಿ ಶುರು ಮಾಡಿದರೆಂದರೆ ಅಂಡಾಣು ತೆಗೆದಿಡಲು ಪುರುಸೊತ್ತೇ ಇರಲಿಲ್ಲ. ಇನ್ನು ನನಗೆ ಮಕ್ಕಳಾಗುತ್ತವೆಯೇ ಎಂದು ತಿಳಿಯಲು ಹೋದ ವಾರ ರಕ್ತ ಕೊಟ್ಟು ಬಂದಿದ್ದೆ. ಫಲಿತಾಂಶ ತರುವ ಕೆಲಸ ನಮ್ಮವರದು. ದಿನವೂ ಕೇಳುತ್ತಿದ್ದೆ, ದಿನವೂ "ಇನ್ನೂ ಬಂದಿಲ್ವಂತೆ" ಎನ್ನುತ್ತಿದ್ದರು. ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಹಾಗಾಗಿ ನಂಬಿದ್ದೆ.

ನಮ್ಮವರದು ಕನ್ನಡಕದ ಅಂಗಡಿ. ಸಂಜೆ ನನ್ನನ್ನು ಕರೆದೊಯ್ಯಲು ಬಂದವರು ಸುಮ್ಮನೆ ಕೂರಲಾರರು. ಜೇಬಿನಿಂದ ಬಟ್ಟೆ ತೆಗೆದು ಸೂಕ್ಷ್ಮದರ್ಶಕದ ಮಸೂರ ಒರೆಸುತ್ತಾರೆ, ಬಗ್ಗಿ "ನಿನ್ನ ನೆಂಟರು ಹೇಗಿದಾರೆ" ಎಂದು ನೋಡುತ್ತಾರೆ. ನಾನೇ ಕಲಿಸಿದ್ದೆ: ಮುಚ್ಚಳದ ಮೇಲೆ ಕೆಂಪು ಚುಕ್ಕೆಯಿದ್ದರೆ ಔಷಧಿ ಉಂಡವು, ನೀಲಿಯಿದ್ದರೆ ಉಣ್ಣದವು. ಒಂದನ್ನು ಮಾತ್ರ ಹೇಳಿರಲಿಲ್ಲ. ಮುಚ್ಚಳದ ಚುಕ್ಕೆ ನಮ್ಮ ಅನುಕೂಲಕ್ಕೆ ಅಷ್ಟೆ. ನಿಜವಾದ ಗುರುತನ್ನು ನಾವು ತಟ್ಟೆಯ ತಳಕ್ಕೆ ಬರೆಯುತ್ತೇವೆ, ಯಾಕೆಂದರೆ ಮುಚ್ಚಳ ಅದಲುಬದಲಾಗಬಹುದು, ತಳ ಆಗದು. ಹೊರಗಿನವರು ತಟ್ಟೆಯನ್ನು ಬುಡಮೇಲು ಮಾಡಲು ಹೆದರುತ್ತಾರೆ, ಹುಳು ಉದುರಿಬಿಡುತ್ತವೆಂದು. ಉದುರುವುದಿಲ್ಲ. ತಟ್ಟೆಯೊಳಗೆ ಹೆಪ್ಪುಗಟ್ಟಿಸಿದ ಅಗರ್ ಜೆಲ್ಲಿಗೆ ಕಚ್ಚಿಕೊಂಡಿರುತ್ತವೆ.

ತಟ್ಟೆ ನೋಡಬೇಕಾದ ದಿನ ಕೆಂಪು, ನೀಲಿ ಎರಡನ್ನೂ ಮೇಜಿನ ಮೇಲೆ ತಂದಿಟ್ಟಿದ್ದೆ. ನಮ್ಮವರು ಅವತ್ತು ಬೇಗನೆ ಬಂದು ಮಸೂರ ಒರೆಸುತ್ತಿದ್ದರು. ಅಷ್ಟರಲ್ಲಿ ಮೇಡಂ ತಮ್ಮ ಕೋಣೆಗೆ ಕರೆದರು. ಔಷಧಿ ಉಂಡು, ತೊಳೆಸಿಕೊಂಡು, ವಿಶ್ರಾಂತಿಯನ್ನೂ ಪಡೆದ ಹುಳುಗಳ ಜೀನ್‌ಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆಯೆಂದು ಯಂತ್ರ ಅಳೆದು ಕೊಟ್ಟಿತ್ತು. ಪರದೆಯ ತುಂಬ ಬಣ್ಣದ ಚೌಕಗಳು.

"ಇವೆಲ್ಲ ರಿಪೇರಿ ಜೀನ್‌ಗಳು, ಇನ್ನೂ ಜೋರಾಗೇ ಇವೆ," ಎಂದು ಮೇಡಂ ಕಡು ಬಣ್ಣದ ಕಡೆ ಬೆರಳು ತೋರಿಸಿದರು. "ಮೊಟ್ಟೆ ತಯಾರಿಸೋವು ಈ ಕಡೆ. ಮಲಗಿಬಿಟ್ಟಿವೆ. ಮನೆಗೆ ಬೆಂಕಿ ಬಿದ್ದಾಗ ಯಾರೂ ತೊಟ್ಟಿಲು ಕಟ್ಟಲ್ಲ, ಅದು ಸರಿ. ಬೆಂಕಿ ಆರಿದ ಮೇಲಾದ್ರೂ ಏಳ್ಬೇಕಿತ್ತು."

"ಏಳುತ್ವೆ ಅಂತೀರಾ?"

"ತಟ್ಟೆ ನೋಡು. ಯಂತ್ರಕ್ಕಿಂತ ಹುಳಾನೇ ವಾಸಿ, ಸುಳ್ಳು ಹೇಳಲ್ಲ."

ಹುಳುಗಳ ಕೋಣೆಗೆ ಮರಳಿದಾಗ ನಮ್ಮವರು ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಮಡಿಸುವಷ್ಟು ದೊಡ್ಡ ಬಟ್ಟೆಯಲ್ಲ ಅದು. "ಮೆಟ್ಟಿಲ ಹತ್ರ ಇರ್ತೀನಿ, ನಿಧಾನಕ್ಕೆ ನೋಡ್ಕೊಂಡ್ ಬಾ" ಎಂದು ಹೊರಟರು.

ಕೆಂಪು ಚುಕ್ಕೆಯ ತಟ್ಟೆಯ ಮುಚ್ಚಳ ತೆಗೆದು ಕಣ್ಣಿಟ್ಟೆ. ತಟ್ಟೆಯ ತುಂಬ ಮರಿಗಳು! ಒಂದರ ಮೇಲೊಂದು ಹರಿದಾಡುವ, ಮೂಲೆ ಮೂಲೆಯಲ್ಲಿ ಮಿಜಿಗುಡುವ ಮರಿಗಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಒಳಗೆ ಏನೋ ಆಯಿತು, ಅದು ಸಂತೋಷವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಂತ್ರದ ಮಾತು ಹಾಳಾಗಲಿ. ತೊಳೆದ ಮೇಲೆ ಎದ್ದಿವೆ, ಹೆತ್ತಿವೆ. ಹಾಗಾದರೆ ನಾನೂ. ಆಗಬಾರದೇಕೆ?

ನಗುತ್ತಲೇ ಲೆಕ್ಕಕ್ಕೆಂದು ನೀಲಿ ಚುಕ್ಕೆಯ ತಟ್ಟೆ ಎಳೆದುಕೊಂಡೆ. ಅದು ಖಾಲಿ. ತಾಯಿಹುಳುಗಳು ಸುಮ್ಮನೆ ಓಡಾಡುತ್ತಿದ್ದವು. ಅಲ್ಲೊಂದು ಇಲ್ಲೊಂದು ಮೊಟ್ಟೆ, ಒಡೆಯದೆ ಕಂದಿಹೋದವು.

ಔಷಧಿಯ ಗಾಳಿಯೂ ಸೋಕದ ಹುಳುಗಳು ಯಾಕೆ ಬಂಜೆಯಾಗುತ್ತವೆ?

ಎರಡೂ ತಟ್ಟೆಗಳನ್ನು ತಿರುವಿ ತಳ ನೋಡಿದೆ. ಮರಿಗಳಿದ್ದ ತಟ್ಟೆಯ ತಳದಲ್ಲಿ ನನ್ನದೇ ಅಕ್ಷರದಲ್ಲಿ 'ಔಷಧಿ ಇಲ್ಲ' ಎಂದಿತ್ತು. ಖಾಲಿ ತಟ್ಟೆಯ ತಳದಲ್ಲಿ 'ಔಷಧಿ'.

ನಾನು ಅದಲುಬದಲು ಮಾಡಿರಲಿಲ್ಲ. ಮೇಡಂ ಈ ಕಡೆ ಬಂದಿರಲಿಲ್ಲ. ಆ ಬಟ್ಟೆ ಮಡಿಸುತ್ತಿದ್ದ ಕೈಗಳು ಕಣ್ಣಮುಂದೆ ಬಂದವು. ಆಗಲೇ ಉಳಿದದ್ದೂ ತಿಳಿಯಿತು. ರಕ್ತದ ಫಲಿತಾಂಶ ಯಾವತ್ತೋ ಬಂದಿದೆ. ಒಳ್ಳೆಯದಾಗಿದ್ದರೆ ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದ ಮನುಷ್ಯ, ಹುಳುಗಳ ಮುಚ್ಚಳ ಬದಲಿಸುವ ಕೆಲಸಕ್ಕೆ ಇಳಿಯುತ್ತಿರಲಿಲ್ಲ.

ಅಳು ಬರಬಹುದೆಂದು ಕಾದೆ. ಬರಲಿಲ್ಲ. ಕೆಂಪು ಮುಚ್ಚಳವನ್ನು ಅದರ ತಟ್ಟೆಗೆ, ನೀಲಿಯನ್ನು ಅದರ ತಟ್ಟೆಗೆ ಹಾಕಿ, ಎರಡನ್ನೂ ಪೆಟ್ಟಿಗೆಯೊಳಗಿಟ್ಟು, ದೀಪ ಆರಿಸಿದೆ.

ನಮ್ಮವರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು, ಬೇಕೆಂದೇ ಹಗುರಾದ ದನಿಯಲ್ಲಿ, "ಏನಂತಾರೆ ನಿನ್ನ ನೆಂಟರು? ಕೆಂಪು ಚುಕ್ಕೇವು ಮರಿ ಹಾಕಿದ್ವಾ?" ಎಂದರು.

ಹೌದೆಂದು ಹೇಳಿಬಿಡೋಣ ಎನಿಸಿತು. ಒಂದು ರಾತ್ರಿಯ ಮಟ್ಟಿಗಾದರೂ ಅವರ ಸುಳ್ಳು ಬದುಕಿಕೊಳ್ಳಲಿ. ಆದರೆ ನನ್ನ ಹತ್ತಿರ ಅಷ್ಟು ಶಕ್ತಿ ಉಳಿದಿರಲಿಲ್ಲ.

"ರೀ," ಎಂದೆ, "ತಟ್ಟೆ ತಲೆಕೆಳಗೆ ಮಾಡಿದ್ರೂ ಹುಳ ಬೀಳಲ್ಲ. ಹೆಸರು ತಳದಲ್ಲೇ ಬರೆದಿರ್ತೀವಿ."

ಅವರು ಮತ್ತೆ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

"ಯಾವತ್ತು ಬಂತು?" ಎಂದೆ.

"ಗುರುವಾರ," ಎಂದರು. "ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ನೀನು ಒಂದ್ಸಲ ನಕ್ಕಿದ್ದು ನೋಡ್ಬೇಕಿತ್ತು ನಂಗೆ."

"ನಕ್ಕೆ," ಎಂದೆ. "ನೀವು ಹೊರಗಡೆ ಇದ್ರಿ."

ಅವರ ಕೈ ತೆಗೆದುಕೊಂಡೆ. ಹಿಡಿದಿದ್ದೇನೆಂದು ನನ್ನ ಬೆರಳುಗಳಿಗೆ ಗೊತ್ತಾಗಲಿಲ್ಲ. ಬಗ್ಗಿ ನೋಡಿದ ಮೇಲೆ, ಅವರ ಹೆಬ್ಬೆರಳು ಮಸೂರ ಒರೆಸುವಂತೆ ನನ್ನ ಬೆರಳ ತುದಿಗಳನ್ನು ಒರೆಸುತ್ತಿರುವುದು ಕಣ್ಣಿಗೆ ಕಂಡಿತು.