ಕೆಂಪು ಗೆರೆಯ ಹೊರಗೆ

ಕೀರ್ತಿ ಕೊಲೆ ಮಾಡಿಸುವ ಮೊದಲು ಮನೆ ಕಟ್ಟುತ್ತಾಳೆ, ಕಾಗದದ ಮೇಲೆ. ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ ಅವಳದು. ಬಾಗಿಲು ಎಷ್ಟು ಅಡಿ, ಬಚ್ಚಲು ಯಾವ ಮೂಲೆಗೆ ಎಂಬುದು ತೀರ್ಮಾನವಾಗದೆ ಅವಳ ಕೈಯಲ್ಲಿ ಒಂದು ಸಾಲೂ ಹುಟ್ಟದು. ನೂರು ವರ್ಷದ ಹಿಂದಿನ ಮೈಸೂರಿನ ಸಾಹುಕಾರರ ಮನೆಯೊಂದನ್ನು ಅವಳು ಹೀಗೆಯೇ ಗ್ರಾಫ್ ಹಾಳೆಯ ಮೇಲೆ ಎಬ್ಬಿಸಿದ್ದಳು. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು ಜಗಲಿಯ ಸುತ್ತ ಒಂದು ಗೆರೆ ಎಳೆದಳು.

ಅವಳ ಕಾದಂಬರಿಯ ಪತ್ತೇದಾರ ಮಾದಯ್ಯ ಆ ಗೆರೆ ದಾಟುವಂತಿರಲಿಲ್ಲ. ಅವನು ಹೆಣಕ್ಕೆ ಗುಂಡಿ ತೋಡುವವನು. ಅವನ ಜಾತಿಯವರನ್ನು ಆ ಕಾಲದಲ್ಲಿ ಯಾರೂ ಜಗಲಿ ಹತ್ತಿಸುತ್ತಿರಲಿಲ್ಲ. ಕೀರ್ತಿಯದೂ ಅದೇ ಜಾತಿ. ಆದ್ದರಿಂದ ಅವಳು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದಳು: ಮಾದಯ್ಯನಿಗೆ ತಿಳಿಯುವುದೆಲ್ಲ ತಾನಾಗಿಯೇ ಗೆರೆ ದಾಟಿ ಹೊರಗೆ ಬರಬೇಕು. ಬಂದೂ ಬಂದಿತ್ತು. ಅಡುಗೆಮನೆಯವರು ಚೆಲ್ಲಿದ ಪಾಯಸ ತಿಂದ ಬೀದಿನಾಯಿ ಸತ್ತಿತ್ತು. ಅಣ್ಣ ಈಗಷ್ಟೇ ಪ್ರಾಣ ಬಿಟ್ಟ ಎಂದು ಸತ್ತ ಸಾಹುಕಾರನ ತಮ್ಮ ಅಳುತ್ತಿದ್ದ, ಆದರೆ ಆ ಮನೆಯವರ ಪದ್ಧತಿಯಂತೆ ಹೆಣವನ್ನು ಗುಂಡಿಯಲ್ಲಿ ಕೂರಿಸಲು ಹೋದರೆ ಮಂಡಿ ಮಡಚಲೇ ಇಲ್ಲ. ಹಿಂದಿನ ದಿನವೇ ಸತ್ತವನೆಂದು ಗುಂಡಿ ತೋಡುವವನಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ಐದು ವರ್ಷ ಪಾಳಿ ಬಸ್ಸಿನಲ್ಲಿ ಕೂತು ಬರೆದ ಈ ಮೊದಲ ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಪ್ರಕಾಶಕ ಪ್ರಭುಸ್ವಾಮಿಯವರು ಕೆಟ್ಟವರಲ್ಲ. ಹಸ್ತಪ್ರತಿಯನ್ನು ಎರಡು ಸಲ ಓದಿದ್ದರು. ಆದರೂ ಅಂದು ತಮ್ಮ ಮಹಡಿಯ ಕಚೇರಿಯಲ್ಲಿ ಕನ್ನಡಕ ಕೆಳಗಿಟ್ಟು ಹೇಳಿದರು:

"ಕೊನೇಲಿ ಮನೆಯ ಹಿರಿಯರೇ ಮಾದಯ್ಯನ್ನ ಒಳಕ್ಕೆ ಕರೀಲಿ ಕಣಮ್ಮ. ನಡುಮನೇಲಿ ಎಲ್ಲರನ್ನೂ ಕೂರಿಸಿ ಅವನು ಕೊಲೆಗಾರನ್ನ ತೋರಿಸ್ಲಿ. ಓದೋರ ಕಣ್ಣಲ್ಲಿ ನೀರು ಬರತ್ತೆ."

"ಯಾರೂ ಕರೀತಿರ್ಲಿಲ್ಲ ಸರ್. ನಮ್ಮ ಮುತ್ತಾತನ್ನ ಯಾರೂ ಕರೀಲಿಲ್ಲ."

"ಕಾದಂಬರೀಲಿ ಕರೀಬಹುದಲ್ಲ."

"ಕರೆದ್ರೆ ಆ ಮನೆಯವರು ಒಳ್ಳೆಯವರಾಗ್ಬಿಡ್ತಾರೆ. ನಾನು ಬರೆದಿದ್ದು ಅದಕ್ಕಲ್ಲ."

ಪ್ರಭುಸ್ವಾಮಿಯವರ ಮುಖ ಬಿಗಿಯಾಯಿತು. "ಸರಿ, ನೀನು ಬರೆದಿರೋದೇನು? ಮಾದಯ್ಯ ಎಲ್ಲಾನೂ ಪೊಲೀಸಿನವನ ಕಿವೀಲಿ ಹೇಳ್ತಾನೆ, ಪೊಲೀಸಿನವನು ಒಳಗೆ ಹೋಗಿ ಶಭಾಷ್ ಅನ್ನಿಸ್ಕೋತಾನೆ. ಪತ್ತೆ ಮಾಡಿದವನು ಬೀದೀಲಿ ನಿಂತಿರ್ತಾನೆ. ಇದು ನ್ಯಾಯಾನಾ? ಭಾನುವಾರದೊಳಗೆ ತಿದ್ದಿಕೊಡು. ಇಲ್ದಿದ್ರೆ ಈ ಪುಸ್ತಕ ನಾನು ಮಾಡಲ್ಲ."

ಕೀರ್ತಿಗೆ ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತಲ್ಲ, ಅದಕ್ಕೇ ಇನ್ನಷ್ಟು ಬಂತು.

ಅಶೋಕಪುರಂನ ಮನೆಯಲ್ಲಿ ಅಜ್ಜಿ ಅವರೆಕಾಳು ಹಿತುಕುತ್ತ ಕೂತಿದ್ದಳು. ಕೀರ್ತಿ ಪಕ್ಕದಲ್ಲಿ ನಕ್ಷೆ ಹರಡಿ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿ ಕೆಂಪು ಗೆರೆಯನ್ನು ಒಮ್ಮೆ ನೋಡಿ, ಕಾಳು ಹಿತುಕುವುದನ್ನು ನಿಲ್ಲಿಸದೆಯೇ ಕೇಳಿದಳು.

"ನಿನ್ನ ಮಾದಯ್ಯನ ತಮಟೆ ಎಲ್ಲಿ?"

ಮಾದಯ್ಯನಂಥವರೇ ತಮಟೆ ಬಡಿದು ಊರಿಗೆ ಸುದ್ದಿ ಸಾರುತ್ತಿದ್ದವರೆಂದು ಕೀರ್ತಿಗೆ ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದಳು. ತಾತ ಪುಟ್ಟಮಾದಯ್ಯ ಇನ್ನು ಬಾರಿಸುವುದಿಲ್ಲ ಎಂದು ತಮಟೆಯನ್ನು ಒಲೆಗೆ ಹಾಕಿದ ದಿನ ತಮ್ಮ ಮನೆಯ ಹೆಮ್ಮೆಯ ದಿನ. ಅದನ್ನು ಮತ್ತೆ ಕಾದಂಬರಿಯೊಳಗೆ ತರುವುದು ನಾಚಿಕೆ ಎನಿಸಿತ್ತು.

"ತಾತ ಅದನ್ನ ಬಿಟ್ರಲ್ಲ ಅಜ್ಜಿ."

"ಬುಟ್ಟಿದ್ದು ಸರಿ ಕಣವ್ವ. ಸಾವ್ಕಾರ್ರು ಬಾರ್ಸು ಅಂದಾಗ ಬಾರಿಸ್ಬೇಕಿತ್ತು, ಅದ್ಕೆ ಬುಟ್ರು." ಅಜ್ಜಿ ಸಿಪ್ಪೆಯನ್ನು ಪಕ್ಕಕ್ಕೆ ಎಸೆದಳು. "ನಿನ್ನ ಮಾದಯ್ಯ ಯಾರೂ ಏಳ್ದಲೆ ಬಾರಿಸ್ಲಿ. ಬೀದೀಲಿ ತಮಟೆ ಬಡುದ್ರೆ ಯಾವ ಸಾವ್ಕಾರ ಒಳಗೆ ಕೂತಿರ್ತಾನೆ?"

ಕೀರ್ತಿ ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟು ಪೆನ್ನು ಹುಡುಕಲು ಎದ್ದಳು. ಅಷ್ಟು ಸಂತೋಷ ಅವಳಿಗೆ ಈ ಐದು ವರ್ಷದಲ್ಲಿ ಆಗಿರಲಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅವಳು ಪ್ರಭುಸ್ವಾಮಿಯವರ ಕಚೇರಿಯ ಕೆಳಗೆ ಫುಟ್‌ಪಾತಿನ ಮೇಲೆ ನಿಂತು ಫೋನ್ ಮಾಡಿದಳು.

"ಬಂದಿದ್ದೀನಿ ಸರ್. ಕೆಳಗೆ ಬನ್ನಿ."

"ಮೇಲೆ ಬಾಮ್ಮ, ಕಾಫಿ ತರಿಸ್ತೀನಿ."

"ಇಲ್ಲ ಸರ್. ನೀವೇ ಬನ್ನಿ."

ಅವರು ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು. ಕೀರ್ತಿ ಕೊನೆಯ ಅಧ್ಯಾಯದ ಹಾಳೆಗಳನ್ನು ಕೈಗಿಟ್ಟಳು. ಹೂ ಮಾರುವವರ ತಳ್ಳುಗಾಡಿಯ ಪಕ್ಕದಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವರು ಓದತೊಡಗಿದರು.

ಮಾದಯ್ಯ ಬೀದಿಯ ನಡುವೆ ನಿಂತು ತಮಟೆ ಬಾರಿಸಿದ. ಮೊದಲು ಅಡುಗೆಯವರು ಬಂದರು, ಆಮೇಲೆ ಹೆಂಗಸರು, ಅಕ್ಕಪಕ್ಕದ ಮನೆಯವರು. ಕೊನೆಗೆ ಶಲ್ಯ ಸರಿಮಾಡಿಕೊಳ್ಳುತ್ತ, ಅಣ್ಣನನ್ನು ಕೊಂದ ತಮ್ಮನೂ ಜಗಲಿ ಇಳಿದ. ಯಾರು ಬಾರಿಸಲು ಹೇಳಿದ್ದು ಎಂದು ಅವನು ಗದರಿದ. ನಾನೇ, ಎಂದ ಮಾದಯ್ಯ.

ಪ್ರಭುಸ್ವಾಮಿಯವರು ಕೊನೆಯ ಹಾಳೆಯವರೆಗೂ ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ಕೀರ್ತಿಯನ್ನು ನೋಡಿದರು, ತಾವು ಇಳಿದು ಬಂದ ಮೆಟ್ಟಿಲನ್ನು ನೋಡಿದರು, ಮತ್ತೆ ತಮ್ಮ ಕಾಲಡಿಯ ಫುಟ್‌ಪಾತನ್ನು ನೋಡಿದರು.

"ನನ್ನನ್ನೂ ಇಳಿಸ್ಬಿಟ್ಟೆಯಲ್ಲಮ್ಮ," ಎಂದರು.

"ಹೌದು ಸರ್."

"ಒಂದಕ್ಷರ ಮುಟ್ಟಲ್ಲ. ನಾಳೇನೇ ಅಚ್ಚಿಗೆ ಕಳಿಸ್ತೀನಿ."

"ಈಗ ಕಾಫಿ ತರಿಸಿ ಸರ್," ಎಂದು ಕೀರ್ತಿ ಅವರಿಗಿಂತ ಮೊದಲು ಮೆಟ್ಟಿಲು ಹತ್ತಿದಳು.